ಲೆಕ್ಕಕ್ಕುಂಟು, ಆಟಕ್ಕಿಲ್ಲ: ಎಂಜಿನಿಯರಿಂಗ್ ಕಾಲೇಜುಗಳ ಕಂಪ್ಯೂಟರ್ ವಿಭಾಗಗಳ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಸೆಮಿಸ್ಟರ್ ಮುಗಿಯುವುದರೊಳಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಯಾವುದಾದರೂ ಮುಕ್ತ ತಂತ್ರಾಂಶ ಯೋಜನೆಗೆ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ತಂತ್ರಾಂಶಕ್ಕೆ) ಇಷ್ಟು ಪುಲ್ ರಿಕ್ವೆಸ್ಟ್, ಅಂದರೆ ಸೇರಿಸಿಕೊಳ್ಳಿ ಎಂಬ ಕೋರಿಕೆಯೊಡನೆ ತಿದ್ದುಪಡಿ, ಕಳಿಸಿರಬೇಕು, ಅವು ಸ್ವೀಕಾರವಾಗಿರಬೇಕು, ಅದರ ಸ್ಕ್ರೀನ್‌ಶಾಟ್ ತೆಗೆದು ರೆಕಾರ್ಡ್ ಪುಸ್ತಕಕ್ಕೆ ಅಂಟಿಸಬೇಕು, ಅದಕ್ಕೆ ಆಂತರಿಕ ಅಂಕ ಉಂಟು. ನಿಮ್ಮಲ್ಲಿ ಕೆಲವರು ಇಂಥ ಸೂಚನೆ ಹೊರಡಿಸಿದ್ದೀರಿ. ನಾನು ಹಗಲು ಸಂಬಳಕ್ಕೆ ದುಡಿದು, ರಾತ್ರಿ ಹಾಗೂ ಭಾನುವಾರಗಳಲ್ಲಿ ಇನ್ನು ಕೆಲವರ ಜೊತೆ ಸೇರಿ ಒಂದು ಪುಟ್ಟ ಮುಕ್ತ ಲೈಬ್ರರಿಯನ್ನು, ಅಂದರೆ ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಕೋಡ್‌ನ ಕಟ್ಟನ್ನು, ನೋಡಿಕೊಳ್ಳುವವನು. ಭಾರತೀಯ ಭಾಷೆಗಳ ಪಠ್ಯದಲ್ಲಿ ಸೇರಿಕೊಂಡ ಕಸವನ್ನು ತೆಗೆಯುವುದು ಅದರ ಕೆಲಸ. ನೀವು ಸಹಿ ಮಾಡಿದ ಸೂಚನೆ ಕೊನೆಗೆ ಬಂದು ಬೀಳುವುದು ನನ್ನಂಥವರ ಅಂಗಳಕ್ಕೆ. ಹುಡುಗರು ಪಠ್ಯಪುಸ್ತಕದಾಚೆಯ ಕೋಡ್ ನೋಡಲಿ ಎಂಬ ನಿಮ್ಮ ಆಸೆಯ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಎಣಿಕೆಯ ಬಗ್ಗೆ.

ಮುಕ್ತ ಯೋಜನೆಗಳು ಹೊಸಬರಿಗೆಂದೇ ಕೆಲವು ಸಣ್ಣ ಕೆಲಸಗಳನ್ನು ಎತ್ತಿಡುತ್ತವೆ. ಮೊಜಿಲ್ಲಾದವರು ಅದನ್ನು ಗುಡ್ ಫಸ್ಟ್ ಬಗ್ ಎನ್ನುತ್ತಾರೆ, ಜಾಂಗೋದವರು ಈಸಿ ಪಿಕ್ಕಿಂಗ್ಸ್, ಪತ್ರ, ಲೆಕ್ಕಪಟ್ಟಿ ಮಾಡುವ ಲಿಬ್ರೆಆಫೀಸ್ ತಂತ್ರಾಂಶದವರು ಈಸಿ ಹ್ಯಾಕ್. ಕೆಡಿಇಯಲ್ಲಿ ಬಹಳ ಕಾಲ ಅದರ ಹೆಸರು ಜೂನಿಯರ್ ಜಾಬ್ ಎಂದಿತ್ತು. ಕೋಡ್ ಹಂಚಿಕೊಳ್ಳುವ ಜಾಲತಾಣ ಗಿಟ್‌ಹಬ್‌ನಲ್ಲಿ ಈಗ ಯಾರೇ ಹೊಸ ಯೋಜನೆ ತೆರೆದರೂ ಗುಡ್ ಫಸ್ಟ್ ಇಶ್ಯೂ ಎಂಬ ಚೀಟಿ ತಾನಾಗಿಯೇ ಸಿದ್ಧವಿರುತ್ತದೆ. ನಿಮ್ಮ ವಿದ್ಯಾರ್ಥಿಗಳು ಹುಡುಕಿಕೊಂಡು ಬರುವುದು ಈ ಚೀಟಿಯನ್ನೇ. ಯಾರೂ ಮಾಡದೆ ಬಿಟ್ಟ ಚಿಲ್ಲರೆ ಕೆಲಸಗಳ ರಾಶಿ ಇದು, ಯಾರು ಬೇಕಾದರೂ ಬಂದು ಎತ್ತಿಕೊಂಡು ಹೋಗಬಹುದು ಎಂದು ನಿಮ್ಮ ಸೂಚನೆ ಭಾವಿಸಿದಂತಿದೆ. ಹಾಗಿಲ್ಲ.

ಲಿಬ್ರೆಆಫೀಸ್‌ನ ಒಂದು ಉದಾಹರಣೆ ಹೇಳುತ್ತೇನೆ, ನನಗೆ ಬಹಳ ಇಷ್ಟವಾದದ್ದು. ಆ ತಂತ್ರಾಂಶದ ಮೂಲ ಜರ್ಮನಿಯ ಸ್ಟಾರ್‌ಆಫೀಸ್. ಅಮೆರಿಕದ ಸನ್ ಕಂಪನಿ 1999ರಲ್ಲಿ ಅದನ್ನು ಕೊಂಡು, ಮರುವರ್ಷ ಓಪನ್‌ಆಫೀಸ್ ಎಂಬ ಹೆಸರಿನಲ್ಲಿ ಮುಕ್ತಗೊಳಿಸಿತು. 2010ರಲ್ಲಿ ಅದರಿಂದ ಲಿಬ್ರೆಆಫೀಸ್ ಕವಲೊಡೆಯಿತು. ಇಷ್ಟು ಕೈ ಬದಲಾದರೂ ಕೋಡ್‌ನ ನಡುವೆ ಮೊದಲಿನ ಎಂಜಿನಿಯರುಗಳು ಬರೆದಿಟ್ಟ ಟಿಪ್ಪಣಿಗಳು ಜರ್ಮನ್ ಭಾಷೆಯಲ್ಲೇ ಉಳಿದಿದ್ದವು, ಸಾವಿರಾರು ಸಾಲು. ಅವನ್ನು ಇಂಗ್ಲಿಷಿಗೆ ತರುವುದು, ಬೇಡವಾದವನ್ನು ಅಳಿಸುವುದು ಹೊಸಬರ ಕೆಲಸವಾಯಿತು. ಮೇಲ್ನೋಟಕ್ಕೆ ಇದು ಗುಮಾಸ್ತಿಕೆ. ಆದರೆ ಟಿಪ್ಪಣಿ ಸರಿಯೋ ತಪ್ಪೋ ತಿಳಿಯಬೇಕಾದರೆ ಅದರ ಕೆಳಗಿನ ಕೋಡ್ ಓದಲೇಬೇಕು. ತಿದ್ದಿದ್ದನ್ನು ಕಳಿಸಬೇಕಾದರೆ ಕೋಡ್‌ನಿಂದ ಇಡೀ ತಂತ್ರಾಂಶವನ್ನು ಸ್ವಂತ ಯಂತ್ರದಲ್ಲಿ ಕಟ್ಟಿ (ಬಿಲ್ಡ್ ಮಾಡಿ) ನೋಡಬೇಕು. ಲಿಬ್ರೆಆಫೀಸ್ ಕಟ್ಟಲು ಸಾಧಾರಣ ಲ್ಯಾಪ್‌ಟಾಪ್ ಗಂಟೆಗಟ್ಟಲೆ ಒದ್ದಾಡುತ್ತದೆ. ಕಳಿಸಿದ ಮೇಲೆ ಹಳಬರೊಬ್ಬರು ಸಾಲು ಸಾಲಾಗಿ ನೋಡಿ, ಇಲ್ಲಿ ಹೀಗಿರಲಿ, ಅಲ್ಲಿ ಹಾಗಿರಲಿ ಎಂದು ಹಿಂದಿರುಗಿಸುತ್ತಾರೆ. ಎರಡು ಸಾಲು ಟಿಪ್ಪಣಿ ತಿದ್ದುವ ನೆಪದಲ್ಲಿ ಹೊಸಬರು ಒಂದು ದೊಡ್ಡ ತಂತ್ರಾಂಶದೊಳಗೆ ಓಡಾಡುವ ದಾರಿಗಳನ್ನೆಲ್ಲ ಒಮ್ಮೆ ತುಳಿದು ಬಂದಿರುತ್ತಾರೆ. ಆ ಕೆಲಸವನ್ನು ಎತ್ತಿಟ್ಟವರಿಗೆ ಬೇಕಾಗಿದ್ದದ್ದೂ ಅದೇ.

ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನೆಲ್‌ನಲ್ಲೂ ಇಂಥದೊಂದು ಜಾಗವಿದೆ. ಯಂತ್ರಭಾಗಗಳನ್ನು ನಡೆಸುವ, ಇನ್ನೂ ಪೂರ್ತಿ ಹದಕ್ಕೆ ಬಾರದ ಡ್ರೈವರ್ ಕೋಡಿಗಾಗಿ 2008ರಿಂದ ಸ್ಟೇಜಿಂಗ್ ಎಂಬ ಪ್ರತ್ಯೇಕ ವಿಭಾಗ ಮಾಡಿದ್ದಾರೆ. ಖಾಲಿ ಜಾಗ, ಸಾಲಿನ ಉದ್ದ, ಹೆಸರಿನ ಒಪ್ಪ ಇತ್ಯಾದಿಗಳನ್ನು ಅಲ್ಲಿ ತಿದ್ದಿ ಕಳಿಸಿದರೆ ಸ್ವೀಕರಿಸುತ್ತಾರೆ. ಅದೇ ತಿದ್ದುಪಡಿಯನ್ನು ಕರ್ನೆಲ್‌ನ ಬೇರೆ ಭಾಗಕ್ಕೆ ಕಳಿಸಿ ನೋಡಿ, ಮುಖಕ್ಕೆ ಹೊಡೆದಂತೆ ಬೇಡ ಎನ್ನುತ್ತಾರೆ. ಸ್ಟೇಜಿಂಗ್‌ನಲ್ಲಿ ಸಾಲು ಒಪ್ಪವಾಗುವುದಕ್ಕಿಂತ, ಇಮೇಲ್‌ನಲ್ಲಿ ತೇಪೆ (ಪ್ಯಾಚ್) ಕಳಿಸುವ ಶಿಸ್ತು ಕಲಿತ ಒಬ್ಬ ಮನುಷ್ಯ ಸಿಗುವುದು ಅವರಿಗೆ ಮುಖ್ಯ.

ಇನ್ನು ಖರ್ಚಿನ ಮಾತು. ಹೊಸಬರಿಗೆಂದು ಬಿಟ್ಟ ಕೆಲಸವನ್ನು ನಾವೇ ಮಾಡಿದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಅದನ್ನು ಹೊಸಬರಿಗೆ ಅರ್ಥವಾಗುವಂತೆ ಬರೆಯಲು ಒಂದು ಸಂಜೆ ಬೇಕು. ಬಂದವರ ಪ್ರಶ್ನೆಗಳಿಗೆ ಉತ್ತರಿಸಿ, ಕಳಿಸಿದ್ದನ್ನು ನೋಡಿ, ಮತ್ತೆ ತಿದ್ದಿಸಲು ಇನ್ನಷ್ಟು ಸಂಜೆಗಳು ಬೇಕು. ಕುಬರ್ನೆಟಿಸ್ ಯೋಜನೆಯವರು ಈ ಚೀಟಿ ಹಚ್ಚುವುದಕ್ಕೆ ಷರತ್ತುಗಳನ್ನೇ ಬರೆದಿಟ್ಟಿದ್ದಾರೆ. ಪರಿಹಾರ ಏನೆಂದು ಮೊದಲೇ ಒಪ್ಪಿ ಬರೆದಿರಬೇಕು, ಯಾವ ಕಡತ ಮುಟ್ಟಬೇಕೆಂದು ತೋರಿಸಿರಬೇಕು, ಹಿಂದೆ ಆದ ಇಂಥದೇ ಕೆಲಸದ ಉದಾಹರಣೆ ಕೊಟ್ಟಿರಬೇಕು, ಪರೀಕ್ಷಿಸುವ ದಾರಿ ಇರಬೇಕು. ಇವುಗಳ ಜೊತೆಗಿರುವ ಇನ್ನೊಂದು ಷರತ್ತು ಬಹಳ ಜಾಣತನದ್ದು: ಹಳಬರೇ ಕೂಡಲೇ ಮಾಡಬೇಕಾದಷ್ಟು ತುರ್ತಿನ ಕೆಲಸ ಅದಾಗಿರಬಾರದು, ಪರಿಶೀಲಿಸಲು ಹಳಬರು ಸಮಯ ಕೊಡುವುದೇ ದಂಡ ಎನ್ನುವಷ್ಟು ನಿರುಪಯುಕ್ತವೂ ಆಗಿರಬಾರದು. ಇಂಥ ಕೆಲಸ ಹುಡುಕಿ ಒಂದನ್ನು ಬರೆಯುವುದು ಕಷ್ಟ. ಒಂದು ಪುಟ್ಟ ಯೋಜನೆಯ ಬಳಿ ಯಾವ ಹೊತ್ತಿನಲ್ಲೂ ಇವು ಬೆರಳೆಣಿಕೆಯಷ್ಟೇ ಇರುತ್ತವೆ. ನಿಮ್ಮ ಒಂದು ತರಗತಿಯಲ್ಲಿ ಅರುವತ್ತು ಜನ.

ನಮ್ಮಲ್ಲಿ ಬರೆದಿಟ್ಟಿದ್ದ ಒಂದು ಕೆಲಸವನ್ನು ಸ್ವಲ್ಪ ವಿವರವಾಗಿಯೇ ತೋರಿಸುತ್ತೇನೆ. ನೀವು ಕಂಪ್ಯೂಟರ್ ಕಲಿಸುವವರು, ಬೇಸರವಾಗದು ಎಂದುಕೊಂಡಿದ್ದೇನೆ.

ಪಠ್ಯವನ್ನು ಎಲ್ಲಿಂದಲೋ ನಕಲು ಮಾಡಿದಾಗ ಕಣ್ಣಿಗೆ ಕಾಣದ ಅಕ್ಷರಗಳು ಕೆಲವು ಜೊತೆಗೆ ಬಂದುಬಿಡುತ್ತವೆ. ಅವನ್ನು ತೆಗೆಯುವ ಕೋಡ್ ತುಣುಕೊಂದು, ಅಂದರೆ ಫಂಕ್ಷನ್, ನಮ್ಮಲ್ಲಿತ್ತು. ಇಂಗ್ಲಿಷಿಗೆ ಅದು ಚೊಕ್ಕವಾಗಿ ಕೆಲಸ ಮಾಡುತ್ತಿತ್ತು. ಕನ್ನಡದಲ್ಲಿ 'ರ‍್ಯಾಂಕ್' ಎಂದು ಬರೆಯುವಾಗ ರಕಾರದ ನಂತರ ಶೂನ್ಯ ಅಗಲದ ಜೋಡಕವೊಂದು ಕುಳಿತಿರುತ್ತದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಡಿ. ಅದು ಇರುವುದರಿಂದಲೇ ರಕಾರ ತನ್ನ ಜಾಗದಲ್ಲಿ ನಿಂತು ಯಕಾರ ಒತ್ತಾಗುತ್ತದೆ. ಕಸವೆಂದು ಅದನ್ನು ತೆಗೆದುಹಾಕಿದಿರೋ, ಪದ 'ರ್ಯಾಂಕ್' ಆಗಿಬಿಡುತ್ತದೆ. 'ಕಾರ್ಯ'ದಲ್ಲಿ ಬರುವ ಅರ್ಕಾವತ್ತು ಇಲ್ಲಿ ಕರೆಯದೆಯೇ ಬಂದು ಕೂರುತ್ತದೆ. ಇದರ ಅಣ್ಣ 200ಸಿ. ಅದು ಕೂಡಿಸುವುದಿಲ್ಲ, ಬಿಡಿಸುತ್ತದೆ. 'ಸಾಫ್ಟ್‌ವೇರ್' ಪದದಲ್ಲಿ ವಕಾರ ಟಕಾರಕ್ಕೆ ಒತ್ತಾಗದಂತೆ ತಡೆದಿರುವುದು ಅದೇ. ನಮ್ಮ ಫಂಕ್ಷನ್ ಎರಡನ್ನೂ ಗುಡಿಸಿ ಹಾಕುತ್ತಿತ್ತು.

ತಿದ್ದುಪಡಿ ನಾಲ್ಕೈದು ಸಾಲು. ಹಲಂತದ (ವ್ಯಂಜನದ ಸ್ವರ ತೆಗೆಯುವ ಚಿಹ್ನೆಯ) ಪಕ್ಕದಲ್ಲಿದ್ದರೆ ಈ ಎರಡನ್ನು ಮುಟ್ಟಬೇಡ ಎಂದರಾಯಿತು. ಯಾವ ಕಡತ, ಯಾವ ಫಂಕ್ಷನ್, ಯಾವ ಪರೀಕ್ಷೆಯನ್ನು ಮಾದರಿಯಾಗಿ ಇಟ್ಟುಕೊಳ್ಳಬೇಕು, ಪರೀಕ್ಷೆ ಓಡಿಸಲು ಯಾವ ಆದೇಶ ಎಂದೆಲ್ಲ ಬರೆದು, ಚೀಟಿ ಹಚ್ಚಿ ಬಿಟ್ಟೆವು. ಮಧ್ಯ ಕರ್ನಾಟಕದ ಕಾಲೇಜೊಂದರ ವಿದ್ಯಾರ್ಥಿನಿ ಅದನ್ನು ಕೈಗೆತ್ತಿಕೊಂಡಳು. ಮೊದಲ ದಿನ ಅವಳು ಕೋಡ್ ಕಳಿಸಲಿಲ್ಲ, ಪ್ರಶ್ನೆ ಕಳಿಸಿದಳು: ಮಲಯಾಳಂ ಕಥೆ ಏನು? ಹೌದಲ್ಲ! 2008ರ ಯೂನಿಕೋಡ್ ಆವೃತ್ತಿಯಲ್ಲಿ ಮಲಯಾಳಂನ ಚಿಲ್ಲು ಅಕ್ಷರಗಳಿಗೆ (ಸ್ವರವಿಲ್ಲದ ವ್ಯಂಜನಗಳಿಗೆ) ಸ್ವಂತ ಸಂಖ್ಯೆ ಸಿಗುವ ತನಕ ಅವನ್ನು ಬರೆಯುತ್ತಿದ್ದದ್ದು ಇದೇ ಜೋಡಕ ಹಾಕಿ. ಹಳೆಯ ಮಲಯಾಳಂ ಪಠ್ಯದಲ್ಲಿ ಅದು ಈಗಲೂ ಇದೆ. ಕೆಲವು ದಿನ ಬಿಟ್ಟು ಇನ್ನೊಂದು ಸಂದೇಶ: ಇಮೋಜಿಗಳನ್ನೂ ನೋಡಿದೆ ಸರ್, ಅಪ್ಪ, ಅಮ್ಮ, ಮಗು ಸೇರಿದ ಕುಟುಂಬದ ಚಿತ್ರ ನಮ್ಮ ಫಂಕ್ಷನ್‌ಗೆ ಸಿಕ್ಕಿ ಮೂರು ಬಿಡಿ ತಲೆಗಳಾಗಿ ಹೋಗುತ್ತಿದೆ. ಅಲ್ಲೂ ಅವರನ್ನು ಕೂಡಿಸಿ ಹಿಡಿದಿರುವುದು ಅದೇ 200ಡಿ. ಅವಳ ನಾಲ್ಕೈದು ಸಾಲಿನ ಕೆಲಸ ಮುಗಿಯಲು ವಾರಗಳೇ ಹಿಡಿದವು. ಅಷ್ಟರಲ್ಲಿ ನಮ್ಮ ಲೈಬ್ರರಿಯ ಆ ಮೂಲೆ ನಮಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. ಈಗ ಅಲ್ಲಿಗೆ ಬರುವ ಪುಲ್ ರಿಕ್ವೆಸ್ಟುಗಳನ್ನು ಮೊದಲು ನೋಡುವುದು ಅವಳೇ.

ನಿಮ್ಮ ಲೆಕ್ಕದಲ್ಲಿ ಇದು ಒಂದು ಪುಲ್ ರಿಕ್ವೆಸ್ಟ್. ಸೆಮಿಸ್ಟರ್‌ಗೆ ಇಷ್ಟು ಎಂದು ಕೇಳುವ ವಿಭಾಗದಲ್ಲಿ ಅವಳಿಗೆ ಅಂಕ ಕಡಿಮೆಯೇ ಬರುತ್ತಿತ್ತು.

ಇನ್ನೊಂದು ಬಗೆಯದನ್ನೂ ಹೇಳಬೇಕು. ಒಂದು ಕಾಲೇಜಿನ ಗಡುವಿನ ಹಿಂದಿನ ರಾತ್ರಿ ನಮ್ಮ ಯೋಜನೆಗೆ ಸಾಲುಗಟ್ಟಿ ಪುಲ್ ರಿಕ್ವೆಸ್ಟುಗಳು ಬಂದವು. ಕಾಲೇಜಿನ ಹೆಸರು ಇಲ್ಲಿ ಬೇಡ. ಯೋಜನೆಯ ಪರಿಚಯ ಹೇಳುವ ರೀಡ್‌ಮೀ ಕಡತದಲ್ಲಿ ಒಬ್ಬರು ಪೂರ್ಣವಿರಾಮ ತೆಗೆದಿದ್ದರು, ಮತ್ತೊಬ್ಬರು ಅದನ್ನು ಹಾಕಿದ್ದರು. ಲೈಬ್ರರಿ ಎಂಬ ಪದದ ಹಿಂದೆ 'ಅದ್ಭುತ' ಎಂಬ ಅರ್ಥದ ವಿಶೇಷಣ ಸೇರಿಸಿದವರಿದ್ದರು. ನಮ್ಮ ಲೈಬ್ರರಿ ಅದ್ಭುತವೇನಲ್ಲ, ಕೃತಜ್ಞತೆಗಳು. ಒಬ್ಬರು ಚೀಟಿ ಹಚ್ಚಿದ ಕೆಲಸವನ್ನೇ ಎತ್ತಿಕೊಂಡಿದ್ದರು, ಆದರೆ ಅವರ ಕೋಡ್ ನಮ್ಮಲ್ಲಿಲ್ಲದ ಫಂಕ್ಷನ್ ಒಂದನ್ನು ಕರೆಯುತ್ತಿತ್ತು. ಯಾವುದೋ ಎಐ ಸಹಾಯಕ ಊಹಿಸಿ ಬರೆದದ್ದು, ಓಡಿಸಿಯೂ ನೋಡಿರಲಿಲ್ಲ. ಯಾಕೆ ಹೀಗೆ ಎಂದು ಕೇಳಿದರೆ, 'ಸರ್, ದಯವಿಟ್ಟು ಇವತ್ತೇ ಮರ್ಜ್ ಮಾಡಿ, ನಾಳೆ ಕೊನೆಯ ದಿನ' ಎಂಬ ಉತ್ತರ. ಆ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸೂಚನೆಯಲ್ಲಿ ಕೇಳಿದ್ದನ್ನು ಅವನು ಚಾಚೂ ತಪ್ಪದೆ ಪಾಲಿಸುತ್ತಿದ್ದ.

ಎಣಿಸಿ ಬಹುಮಾನ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಲೋಕ ಈಗಾಗಲೇ ಒಮ್ಮೆ ನೋಡಿದೆ. ಡಿಜಿಟಲ್‌ಓಷನ್ ಕಂಪನಿ 2014ರಿಂದ ಪ್ರತಿ ಅಕ್ಟೋಬರ್‌ನಲ್ಲಿ ಮುಕ್ತ ಯೋಜನೆಗಳಿಗೆ ತಿದ್ದುಪಡಿ ಕಳಿಸಲು ಹುರಿದುಂಬಿಸುವ ಹ್ಯಾಕ್ಟೋಬರ್‌ಫೆಸ್ಟ್ ನಡೆಸುತ್ತಿದೆ. 2020ರಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟಿ-ಷರ್ಟ್ ಎಂದಿತ್ತು. ತಿಂಗಳ ಮೊದಲ ದಿನಗಳಲ್ಲೇ ಕೆಲಸಕ್ಕೆ ಬಾರದ ತಿದ್ದುಪಡಿಗಳ ಪ್ರವಾಹ ಬಂತು. ಸ್ವಯಂಸೇವಕ ನಿರ್ವಾಹಕರು ಕೈಮುಗಿದರು. ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಕಳಿಸಿದ್ದನ್ನು ಮಾತ್ರ ಎಣಿಸುತ್ತೇವೆ ಎಂದು ಸಂಘಟಕರು ತಿಂಗಳ ಮೊದಲ ವಾರದಲ್ಲೇ ನಿಯಮ ಬದಲಿಸಬೇಕಾಯಿತು. 2023ರ ಹೊತ್ತಿಗೆ ಟಿ-ಷರ್ಟೇ ಹೋಗಿ ಡಿಜಿಟಲ್ ಬ್ಯಾಡ್ಜ್ ಉಳಿಯಿತು. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಎಂಬ ಹೆಸರಾಂತ ಜಾವಾಸ್ಕ್ರಿಪ್ಟ್ ಯೋಜನೆಗೆ ಬಂದ ಕಾಟ ನಿಮಗೂ ನೆನಪಿರಬಹುದು. ಪುಲ್ ರಿಕ್ವೆಸ್ಟ್ ಕಳಿಸುವುದು ಹೇಗೆಂದು ತೋರಿಸುವ ನಮ್ಮ ದೇಶದ ಒಂದು ಪಾಠದ ವಿಡಿಯೋದಲ್ಲಿ ಆ ಯೋಜನೆಯನ್ನೇ ಉದಾಹರಣೆಯಾಗಿ ಬಳಸಿದ್ದರು. ನೋಡಿದವರು ಹಾಗೆಯೇ ಮಾಡಿದರು, ರೀಡ್‌ಮೀ ಕಡತಕ್ಕೆ ತಮ್ಮ ಹೆಸರು ಸೇರಿಸಿ ಕಳಿಸುತ್ತಲೇ ಹೋದರು. ಅಂಥ ಒಂದೊಂದಕ್ಕೂ ಆ ಯೋಜನೆಯನ್ನು ಹಿಂಬಾಲಿಸುವ ಅಷ್ಟೂ ಜನರ ಇಮೇಲ್ ಸದ್ದು ಮಾಡುತ್ತದೆ. ಅದಾದ ಮೇಲೆ ಭಾರತದ ವಿದ್ಯಾರ್ಥಿ ಎಂದ ಕೂಡಲೇ ಹುಬ್ಬೇರಿಸುವ ನಿರ್ವಾಹಕರನ್ನು ನಾನೇ ಕಂಡಿದ್ದೇನೆ. ಅರುವತ್ತರಲ್ಲಿ ಒಬ್ಬಳು ಮಲಯಾಳಂ ಬಗ್ಗೆ ಕೇಳುವವಳಿರುತ್ತಾಳೆ. ಉಳಿದವರ ಪಾಲಿನ ಅನುಮಾನವನ್ನು ಹೊರುವವಳೂ ಅವಳೇ.

ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ಗೆ ತೋರಿಸಲು ಅಂಕಿ ಬೇಕು ಎನ್ನುವುದು ನಿಮ್ಮ ಕಷ್ಟ. ಅದು ನನಗೆ ಅರ್ಥವಾಗುತ್ತದೆ. ಒತ್ತಾಯ ಮಾಡದಿದ್ದರೆ ಹುಡುಗರು ಗಿಟ್‌ಹಬ್ ಕಡೆ ತಲೆ ಹಾಕುವುದೇ ಇಲ್ಲ ಎಂದು ನಿಮ್ಮಲ್ಲೊಬ್ಬರು ಫೋನಿನಲ್ಲಿ ಹೇಳಿದರು. ಅದನ್ನು ನಾನು ಪೂರ್ತಿ ಅಲ್ಲಗಳೆಯಲಾರೆ. ಆದರೆ ಪಕ್ಕದ ಶ್ರೀಲಂಕಾವನ್ನು ನೋಡಿ. ಹೊಸಬರಿಗೆ ಭತ್ಯೆ ಕೊಟ್ಟು ಮುಕ್ತ ಯೋಜನೆಗಳಲ್ಲಿ ದುಡಿಸುವ ಗೂಗಲ್ ಸಮ್ಮರ್ ಆಫ್ ಕೋಡ್ 2005ರಲ್ಲಿ ಶುರುವಾಯಿತು. ಅದರ ಮೊದಲ ದಶಕದಲ್ಲಿ ಅತಿ ಹೆಚ್ಚು ವಿದ್ಯಾರ್ಥಿಗಳು ಆಯ್ಕೆಯಾದದ್ದು ಕೊಲಂಬೊ ಬಳಿಯ ಮೊರಟುವ ವಿಶ್ವವಿದ್ಯಾಲಯದಿಂದ. ಯಾವುದೇ ಐಐಟಿ ಅಲ್ಲ, ಅಮೆರಿಕದ ಯಾವುದೇ ದೊಡ್ಡ ಹೆಸರೂ ಅಲ್ಲ. ಆ ಹೊತ್ತಿಗಾಗಲೇ ಅಪಾಚೆ ಎಂಬ ಮುಕ್ತ ತಂತ್ರಾಂಶ ಸಂಸ್ಥೆಯ ಯೋಜನೆಗಳಲ್ಲಿ ದುಡಿಯುತ್ತಿದ್ದ ಎಂಜಿನಿಯರುಗಳು ಆ ದೇಶದಲ್ಲಿದ್ದರು. 2004ರ ಸುನಾಮಿಯ ನಂತರ ಪರಿಹಾರ ಕಾರ್ಯಕ್ಕೆಂದು ಅಲ್ಲಿಯವರೇ ಸಹನಾ ಎಂಬ ಮುಕ್ತ ತಂತ್ರಾಂಶವನ್ನು ಕಟ್ಟಿದ್ದರು. ಕೇಳಲು, ತೋರಿಸಲು ಜನ ಹತ್ತಿರದಲ್ಲಿದ್ದರು ಎಂಬುದೇ ಮುಖ್ಯ ಎಂದು ನನ್ನ ಎಣಿಕೆ. ಸುತ್ತೋಲೆಯಿಂದ ಅಂಥ ವಾತಾವರಣ ಹುಟ್ಟುವುದಿಲ್ಲ.

ಬೆಂಗಳೂರಿನಲ್ಲೂ ಒಂದು ಕಾಲಕ್ಕೆ ಅದು ಇತ್ತು. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂದು ಶುರುವಾಗಿ ಮುಂದೆ ಫಾಸ್.ಇನ್ ಆದ ಮುಕ್ತ ತಂತ್ರಾಂಶ ಸಮ್ಮೇಳನ, ಕೊನೆಕೊನೆಗೆ ಬರೀ ಭಾಷಣ ಸಾಕು, ಕೂತು ಕೋಡ್ ಮಾಡೋಣ ಎಂಬ ಹಟ ಹಿಡಿಯಿತು. ಯೋಜನೆಯ ಹಳಬರು ಒಂದು ಮೇಜಿಗೆ ಕೂರುತ್ತಿದ್ದರು, ಹೊಸಬರು ಸುತ್ತ. ಈಗ ಫಾಸ್ ಯುನೈಟೆಡ್‌ನಂಥ ಸಂಸ್ಥೆಗಳು ಆ ಜಾಗ ತುಂಬುತ್ತಿವೆ. ನಿಮ್ಮ ಅಧ್ಯಾಪಕರಲ್ಲಿ ಎಷ್ಟು ಮಂದಿ ಅಲ್ಲಿಗೆ ಹೋಗಿದ್ದಾರೆ ಎಂದು ಕೇಳಿದರೆ ತಪ್ಪು ತಿಳಿಯಬೇಡಿ.

ನಮ್ಮ ಕಡೆಯೂ ಎಲ್ಲ ನೆಟ್ಟಗಿಲ್ಲ. ಚೀಟಿ ಹಚ್ಚಿ ಮರೆತುಬಿಟ್ಟ ಯೋಜನೆಗಳು ಬೇಕಾದಷ್ಟಿವೆ. ಮೂರು ವರ್ಷ ಹಳೆಯ ಕೆಲಸದ ಕೆಳಗೆ 'ನಾನು ಮಾಡಲೇ?' ಎಂಬ ಕೋರಿಕೆಗಳು ಒಂದರ ಮೇಲೊಂದು ಬಿದ್ದಿರುತ್ತವೆ, ಉತ್ತರ ಕೊಡುವವರಿಲ್ಲ. ಇಂಥಲ್ಲಿಗೆ ಬಂದ ವಿದ್ಯಾರ್ಥಿ ಬೇಸತ್ತು ರೀಡ್‌ಮೀ ತಿದ್ದಲು ಹೊರಟರೆ ಪೂರ್ತಿ ಅವನದೇ ತಪ್ಪು ಎನ್ನುವಂತಿಲ್ಲ. ಆ ಜಗಳವನ್ನು ನಿರ್ವಾಹಕರ ಜೊತೆ ಬೇರೆಯಾಗಿ ಆಡುತ್ತೇನೆ.

ನಿಮ್ಮಿಂದ ಬೇಕಾದದ್ದು ಇಷ್ಟು. ಪುಲ್ ರಿಕ್ವೆಸ್ಟ್ ಸ್ವೀಕಾರವಾಗಬೇಕೆಂಬ ಷರತ್ತನ್ನು ಅಂಕಪಟ್ಟಿಯಿಂದ ತೆಗೆಯಿರಿ. ಸ್ವೀಕರಿಸುವುದು ಬಿಡುವುದು ನಿಮ್ಮ ಕೈಯಲ್ಲಿಲ್ಲ, ವಿದ್ಯಾರ್ಥಿಯ ಕೈಯಲ್ಲೂ ಇಲ್ಲ. ಯಾವುದೋ ದೇಶದಲ್ಲಿ ಮಗುವನ್ನು ಮಲಗಿಸಿ ಬಂದು ಕಂಪ್ಯೂಟರ್ ಮುಂದೆ ಕೂರುವ ಒಬ್ಬರ ಬಿಡುವಿನ ಮೇಲೆ ಅದು ನಿಂತಿದೆ. ಅವರನ್ನು ನಿಮ್ಮ ಕಾಲೇಜಿನ ಸಂಬಳವಿಲ್ಲದ ಪರೀಕ್ಷಕರನ್ನಾಗಿ ಮಾಡಬೇಡಿ. ಅಂಕ ಕೊಡುವುದೇ ಆದರೆ ನಿಮ್ಮ ಕಣ್ಣೆದುರು ನಡೆಯುವ ಕೆಲಸಕ್ಕೆ ಕೊಡಿ: ಒಂದು ಯೋಜನೆಯನ್ನು ಆರಿಸಿ ಅದನ್ನು ಪ್ರಯೋಗಾಲಯದ ಯಂತ್ರದಲ್ಲಿ ಕಟ್ಟಿದ್ದಕ್ಕೆ, ವರದಿಯಾದ ಒಂದು ದೋಷವನ್ನು ತಾನೂ ಮರುಕಳಿಸಿ ತೋರಿಸಿದ್ದಕ್ಕೆ, ಅದು ಯಾಕಾಗುತ್ತಿದೆ ಎಂದು ಎರಡು ಪುಟ ಬರೆದದ್ದಕ್ಕೆ. ಇಷ್ಟು ಮಾಡಿದವರಲ್ಲಿ ಕೆಲವರು ತಾವಾಗಿಯೇ ತಿದ್ದುಪಡಿ ಕಳಿಸುತ್ತಾರೆ. ಉಳಿದವರು ಕಳಿಸದಿದ್ದರೂ ಯಾರಿಗೂ ನಷ್ಟವಿಲ್ಲ. ಪುಲ್ ರಿಕ್ವೆಸ್ಟ್ ಕಳಿಸುವ ಕೈಚಳಕವನ್ನಷ್ಟೇ ಕಲಿಸಬೇಕಿದ್ದರೆ ಕಾಲೇಜಿನೊಳಗೇ ಒಂದು ರೆಪಾಸಿಟರಿ (ಕೋಡ್ ಭಂಡಾರ) ತೆರೆದು, ಅಲ್ಲಿ ಅರುವತ್ತು ಜನವೂ ತಮ್ಮ ಹೆಸರು ಸೇರಿಸಲಿ. ಹಿರಿಯ ವಿದ್ಯಾರ್ಥಿಗಳು ಅದನ್ನು ನೋಡಿ ತಿದ್ದಿಸಲಿ.

ಸಣ್ಣ ಕೆಲಸವೆಂಬುದು ಒಬ್ಬರು ಒಂದೆರಡು ಬಾರಿ ದಾಟಿ ಹೋಗಬೇಕಾದ ಹೊಸ್ತಿಲು. ಗೂಗಲ್ ಕೋಡ್-ಇನ್ ಎಂಬ ಸ್ಪರ್ಧೆ 2010ರಿಂದ ಹತ್ತು ವರ್ಷ ಶಾಲಾ ಮಕ್ಕಳಿಗೆಂದು ನಡೆಯಿತು. ಮೂರರಿಂದ ಐದು ಗಂಟೆಯಲ್ಲಿ ಮುಗಿಯುವಂಥ ಕೆಲಸಗಳನ್ನು ಅಲ್ಲಿ ಯೋಜನೆಗಳೇ ಬರೆದುಕೊಡುತ್ತಿದ್ದವು. ತೀರಾ ಆರಂಭದವರ ಕೆಲಸಗಳನ್ನು ಒಬ್ಬರು ಎರಡಕ್ಕಿಂತ ಹೆಚ್ಚು ಮಾಡುವಂತಿರಲಿಲ್ಲ. ಹದಿಮೂರು ವರ್ಷದವರಿಗೆ ಹಾಕಿದ್ದ ಆ ಮಿತಿ ಬಿ.ಇ. ಮೂರನೇ ವರ್ಷದವರಿಗೂ ಒಪ್ಪುತ್ತದೆ. ಒಂದು ಸೆಮಿಸ್ಟರ್, ಒಂದೇ ಯೋಜನೆ ಎಂದು ಮಾಡಿ. ಐದು ಯೋಜನೆಗಳಿಗೆ ಐದು ಪೂರ್ಣವಿರಾಮ ಹಾಕಿದವರಿಗಿಂತ ಒಂದರಲ್ಲಿ ಉಳಿದು ಎರಡನೆಯ, ಕಷ್ಟದ ಕೆಲಸಕ್ಕೆ ಕೈ ಹಾಕಿದವರು ನಮಗೂ ಬೇಕು, ನಾಳೆ ಕೆಲಸ ಕೊಡುವವರಿಗೂ ಬೇಕು.

ಕನ್ನಡದ ಹುಡುಗರಿಗೆ ಹೊರಗಿನವರಿಗಿಲ್ಲದ ಅನುಕೂಲವೊಂದು ಇದೆ ಎಂಬುದನ್ನೂ ಗಮನಿಸಿ. ಕನ್ನಡ ಫಾಂಟುಗಳಲ್ಲಿ ಒತ್ತಕ್ಷರ ಎಲ್ಲಿ ಡಿಕ್ಕಿ ಹೊಡೆಯುತ್ತದೆ, ಲಿಬ್ರೆಆಫೀಸ್‌ನ ಕಾಗುಣಿತ ಪರೀಕ್ಷಕ ಯಾವ ವಿಭಕ್ತಿಯನ್ನು ತಪ್ಪೆಂದು ಕೆಂಪು ಗೆರೆ ಎಳೆಯುತ್ತದೆ, ಚಿತ್ರದಿಂದ ಅಕ್ಷರ ಓದುವ ಟೆಸೆರಾಕ್ಟ್ ಹಳೆಯ ಮುದ್ರಣದ ಯಾವ ಅಕ್ಷರವನ್ನು ಯಾವುದೆಂದು ಓದುತ್ತದೆ ಎಂಬುದನ್ನು ನೋಡಲು ಕ್ಯಾಲಿಫೋರ್ನಿಯಾದ ಪರಿಣತನಿಗೆ ಸಾಧ್ಯವಿಲ್ಲ, ತುಮಕೂರಿನ ವಿದ್ಯಾರ್ಥಿಗೆ ಸಾಧ್ಯ. ವಿಕಿಪೀಡಿಯ ನಡೆಸುವ ವಿಕಿಮೀಡಿಯದ ಕೆಲಸಪಟ್ಟಿಯ ತಾಣ ಫ್ಯಾಬ್ರಿಕೇಟರ್‌ನಲ್ಲಿ ಗುಡ್ ಫಸ್ಟ್ ಟಾಸ್ಕ್ ಎಂದೇ ಗುರುತಿಸಿದ ಕೆಲಸಗಳಿವೆ. ಅದರ ಫಲವನ್ನು ಕನ್ನಡ ವಿಕಿಪೀಡಿಯದಲ್ಲಿ ಮನೆಯವರಿಗೇ ತೆರೆದು ತೋರಿಸಬಹುದು.

ಮುಂದಿನ ಸೆಮಿಸ್ಟರ್‌ನ ಸೂಚನೆಯನ್ನು ಅಚ್ಚಿಗೆ ಕಳಿಸುವ ಮುನ್ನ ನಿಮ್ಮ ವಿಭಾಗದ ಒಬ್ಬ ಅಧ್ಯಾಪಕರು ತಾವೇ ಇಂಥ ಒಂದು ಕೆಲಸವನ್ನು ಎತ್ತಿಕೊಂಡು ಕೊನೆ ಮುಟ್ಟಿಸಲಿ, ಅದಕ್ಕೆ ಎಷ್ಟು ದಿನ ಹಿಡಿಯಿತೆಂದು ಬರೆದಿಡಲಿ. ವಿದ್ಯಾರ್ಥಿಗಳಿಂದ ಎಷ್ಟು ಕೇಳಬಹುದು ಎಂಬುದನ್ನು ಆಮೇಲೆ ನಿರ್ಧರಿಸಿ. ನಮ್ಮಲ್ಲಿ ಸದ್ಯಕ್ಕೆ ಒಂದು ಕೆಲಸ ಖಾಲಿ ಇದೆ: ಕನ್ನಡ ಅಂಕಿಗಳಲ್ಲಿ ಬರೆದ ದಿನಾಂಕವನ್ನು ನಮ್ಮ ಲೈಬ್ರರಿ ಗುರುತಿಸುವುದಿಲ್ಲ. ಮುಟ್ಟಬೇಕಾದ ಕಡತ ಯಾವುದೆಂದು ಬರೆದಿದ್ದೇವೆ, ಪರೀಕ್ಷೆಯ ಮಾದರಿಯೂ ಇದೆ. ಬರುವ ಅಧ್ಯಾಪಕರಿಗಾಗಿ ಅದನ್ನು ತಿಂಗಳ ಕೊನೆಯವರೆಗೆ ಬೇರೆ ಯಾರಿಗೂ ಕೊಡದೆ ಇಟ್ಟಿರುತ್ತೇನೆ.

ಇಂತಿ,
ಒಂದು ಪುಟ್ಟ ಮುಕ್ತ ತಂತ್ರಾಂಶದ ನಿರ್ವಾಹಕರಲ್ಲೊಬ್ಬ